ಪದಕ ಆರು ಜನಕ್ಕೆ, ಪರೀಕ್ಷೆ ಇಡೀ ಪ್ರಾಂತ್ಯಕ್ಕೆ

2025ರ ಜುಲೈನಲ್ಲಿ ಆಸ್ಟ್ರೇಲಿಯಾದ ಸನ್‌ಶೈನ್ ಕೋಸ್ಟ್‌ನಲ್ಲಿ, ಪ್ರತಿ ದೇಶದಿಂದ ಹೆಚ್ಚೆಂದರೆ ಆರು ವಿದ್ಯಾರ್ಥಿಗಳು ಸ್ಪರ್ಧಿಸುವ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ನಡೆಯಿತು. ಚೀನಾ 252ಕ್ಕೆ 231 ಅಂಕ ಪಡೆದು ಮೊದಲ ಸ್ಥಾನಕ್ಕೆ ಬಂತು. ಅದರ ಹಿಂದಿನ ವರ್ಷ ಬ್ರಿಟನ್ನಿನ ಬಾತ್‌ನಲ್ಲಿ ಅಮೆರಿಕ ಎರಡೇ ಎರಡು ಅಂಕದಿಂದ ಚೀನಾವನ್ನು ಹಿಂದೆ ಹಾಕಿತ್ತು. 2022ರಲ್ಲಂತೂ ಚೀನಾದ ಆರೂ ವಿದ್ಯಾರ್ಥಿಗಳು ಪೂರ್ತಿ ಅಂಕ ತೆಗೆದಿದ್ದರು.

ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ಚೀನಾದ ಮಕ್ಕಳು ಹುಟ್ಟಾ ಬುದ್ಧಿವಂತರು ಅನ್ನುವುದು ಒಂದು. ಅಲ್ಲಿ ಮಕ್ಕಳನ್ನು ಹಿಡಿದು ಹಗಲು ರಾತ್ರಿ ರುಬ್ಬುತ್ತಾರೆ ಅನ್ನುವುದು ಇನ್ನೊಂದು. ಎರಡೂ ಆ ಆರು ಜನರನ್ನು ಮಾತ್ರ ನೋಡಿ ಆಡುವ ಮಾತು. ಆ ವ್ಯವಸ್ಥೆ ಹೇಗೆ ನಡೆಯುತ್ತದೆ, ಅದಕ್ಕೆ ಬೆಲೆ ಕೊಡುವವರು ಯಾರು ಅಂತ ತಿಳಿಯಬೇಕಾದರೆ ಪ್ರಾಂತ್ಯ ಮಟ್ಟದ ಸ್ಪರ್ಧೆಗೆ ಕೂರುವ, ಬಹುಪಾಲು ಅಲ್ಲೇ ನಿಂತುಹೋಗುವ ಮಕ್ಕಳನ್ನು ನೋಡಬೇಕು. ಈ ಲೇಖನ ಅವರ ಬಗ್ಗೆ.

ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಚೀನಾದ ಎಲ್ಲ ಪ್ರಾಂತ್ಯಗಳಲ್ಲೂ ರಾಷ್ಟ್ರೀಯ ಪ್ರೌಢಶಾಲಾ ಗಣಿತ ಲೀಗ್ ನಡೆಯುತ್ತದೆ. ಅಲ್ಲಿ ಪ್ರೌಢಶಾಲೆ ಅಂದರೆ ನಮ್ಮ ಹತ್ತರಿಂದ ಹನ್ನೆರಡನೇ ತರಗತಿ. ಬೆಳಿಗ್ಗೆ ಎಂಟಕ್ಕೆ ಮೊದಲ ಸುತ್ತು. 80 ನಿಮಿಷ, 120 ಅಂಕ. ಇದು ಹೆಚ್ಚುಕಡಿಮೆ ಶಾಲೆಯ ಪಠ್ಯದ ಗಣಿತವೇ, ಆದರೆ ಸಿಕ್ಕಾಪಟ್ಟೆ ವೇಗ ಬೇಕು. ಇಪ್ಪತ್ತು ನಿಮಿಷ ಬಿಡುವು. ಆಮೇಲೆ ಎರಡನೇ ಸುತ್ತು. 170 ನಿಮಿಷ, ನಾಲ್ಕೇ ಪ್ರಶ್ನೆ, 180 ಅಂಕ. ರೇಖಾಗಣಿತ, ಬೀಜಗಣಿತ, ಸಂಖ್ಯಾ ಸಿದ್ಧಾಂತ (ಪೂರ್ಣಾಂಕಗಳ ಗಣಿತ), ಸಂಯೋಜನಶಾಸ್ತ್ರ (ಎಣಿಕೆ, ಜೋಡಣೆಗಳ ಗಣಿತ). ಈ ನಾಲ್ಕು ಪ್ರಶ್ನೆಗಳಿಗೂ ಶಾಲೆಯ ತರಗತಿಗೂ ಸಂಬಂಧವೇ ಇಲ್ಲ. ಕ್ಲಾಸಿನಲ್ಲಿ ಮೊದಲ ಬರುವ ಹುಡುಗಿ ಇದಕ್ಕಾಗಿ ಬೇರೆ ತಯಾರಿ ಮಾಡದೆ ಕೂತರೆ ಒಂದು ಪ್ರಶ್ನೆಯನ್ನೂ ಪೂರ್ತಿ ಬಿಡಿಸಲಾರಳು.

ಪ್ರಶ್ನೆಪತ್ರಿಕೆ ಬರುವುದು ಚೀನಾದ ಗಣಿತ ಸಂಘದಿಂದ. ಆದರೆ ಬಹುಮಾನ ಹಂಚುವುದು ಪ್ರಾಂತ್ಯದ ಲೆಕ್ಕದಲ್ಲಿ. ಪ್ರತಿ ಪ್ರಾಂತ್ಯದಲ್ಲೂ ಮೊದಲ, ಎರಡನೇ, ಮೂರನೇ ದರ್ಜೆಯ ಬಹುಮಾನಗಳಿವೆ. ಮೊದಲ ದರ್ಜೆಯವರಲ್ಲೂ ತೀರಾ ಮೇಲಿನ ಕೆಲವರು ಮಾತ್ರ ಪ್ರಾಂತ್ಯದ ತಂಡಕ್ಕೆ ಸೇರುತ್ತಾರೆ. ಆ ತಂಡಗಳು ನವೆಂಬರ್ ಹೊತ್ತಿಗೆ ರಾಷ್ಟ್ರಮಟ್ಟದ ಒಲಿಂಪಿಯಾಡ್‌ಗೆ ಹೋಗುತ್ತವೆ. ಅಲ್ಲಿಂದ 60 ಜನ ರಾಷ್ಟ್ರೀಯ ತರಬೇತಿ ಶಿಬಿರಕ್ಕೆ. ಶಿಬಿರದಿಂದ ಕೊನೆಗೆ ಆರು ಜನ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಪ್ರೋಗ್ರಾಮಿಂಗ್‌ಗೂ ಇಂಥದೇ ಏಣಿಗಳಿವೆ.

ಪ್ರಾಂತ್ಯದ ಲೆಕ್ಕ ಅಂದೆ, ಅದು ಸಣ್ಣ ವಿಷಯ ಅಲ್ಲ. ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವ್‌ಕಾವ್ ಕೂಡ ಪ್ರಾಂತ್ಯದ ಲೆಕ್ಕದಲ್ಲೇ ನಡೆಯುತ್ತದೆ. ಪ್ರತಿ ವಿಶ್ವವಿದ್ಯಾಲಯವೂ ಯಾವ ಪ್ರಾಂತ್ಯದಿಂದ ಎಷ್ಟು ಜನರನ್ನು ತಗೋಬೇಕು ಅಂತ ಮೊದಲೇ ನಿಗದಿ ಮಾಡುತ್ತದೆ. 2024ರಲ್ಲಿ ಈ ಪರೀಕ್ಷೆಗೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಜನ ಜಾಸ್ತಿ ಇದ್ದು ದೊಡ್ಡ ವಿಶ್ವವಿದ್ಯಾಲಯ ಕಡಿಮೆ ಇರುವ ಹೆನಾನ್‌ನಂಥ ಪ್ರಾಂತ್ಯದ ಮಕ್ಕಳಿಗೆ ಪೀಕಿಂಗ್ ಅಥವಾ ಸಿಂಗ್ಹುವಾ ವಿಶ್ವವಿದ್ಯಾಲಯದ ಸೀಟು ಬಹಳ ದೂರದ ಮಾತು. ಹೀಗಿರುವಾಗ ಗಾವ್‌ಕಾವ್ ಹೊರತಾದ ಒಂದು ದಾರಿ ಇದೆ ಅಂದರೆ ಅಪ್ಪ ಅಮ್ಮಂದಿರು ಅದನ್ನು ಬಿಡುತ್ತಾರಾ?

ಬಾಗಿಲು ತೆರೆದದ್ದು, ಮುಚ್ಚಿದ್ದು

ಈ ಸ್ಪರ್ಧೆಗಳು ಸೀಟಿಗಾಗಿ ಹುಟ್ಟಿದವಲ್ಲ. 1956ರಲ್ಲಿ ಹುವಾ ಲುವೊಗೆಂಗ್ ಮತ್ತಿತರ ಗಣಿತಜ್ಞರು ಸೋವಿಯತ್ ಒಕ್ಕೂಟದ ಮಾದರಿ ನೋಡಿ ಬೀಜಿಂಗ್, ಶಾಂಘೈ, ಟಿಯಾಂಜಿನ್, ವುಹಾನ್ ನಗರಗಳಲ್ಲಿ ಇವನ್ನು ಶುರು ಮಾಡಿದರು. ಹುವಾ ಸ್ವತಃ ಅಂಗಡಿಯವರ ಮಗ. ಶಾಲೆ ಅರ್ಧಕ್ಕೇ ಬಿಟ್ಟು ತಾವೇ ಓದಿ ಗಣಿತಜ್ಞರಾದವರು. ಎಲ್ಲೋ ಮೂಲೆಯಲ್ಲಿರುವ ಪ್ರತಿಭೆಯನ್ನು ಹುಡುಕಿ ತೆಗೆಯಬೇಕು ಅನ್ನುವ ಅವರ ಆಸೆ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಎಲ್ಲ ನಿಂತುಹೋಯಿತು. 1978ರಲ್ಲಿ ಮತ್ತೆ ಶುರುವಾಯಿತು. 1985ರಲ್ಲಿ ಚೀನಾ ಮೊದಲ ಸಲ ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ಹೋದಾಗ ಕಳಿಸಿದ್ದು ಇಬ್ಬರನ್ನು ಮಾತ್ರ. 1989ರಲ್ಲಿ ಮೊದಲ ಸ್ಥಾನ ಬಂತು. ಮರುವರ್ಷ ಬೀಜಿಂಗ್‌ನಲ್ಲೇ ಒಲಿಂಪಿಯಾಡ್ ನಡೆಯಿತು.

ಕ್ರಮೇಣ ಬಹುಮಾನಕ್ಕೂ ಕಾಲೇಜು ಪ್ರವೇಶಕ್ಕೂ ಗಂಟು ಬಿತ್ತು. 2000ರ ದಶಕದಲ್ಲಿ ಪ್ರಾಂತ್ಯ ಮಟ್ಟದ ಮೊದಲ ದರ್ಜೆ ಬಹುಮಾನ ಬಂದರೆ ಗಾವ್‌ಕಾವ್ ಬರೆಯದೆ ನೇರ ಪ್ರವೇಶ ಪಡೆಯುವ ಅರ್ಹತೆ ಸಿಗುತ್ತಿತ್ತು. ಅದು ಬೇಡ ಅಂದರೆ ಗಾವ್‌ಕಾವ್‌ನಲ್ಲಿ 20 ಅಂಕದವರೆಗೆ ಹೆಚ್ಚುವರಿ ಅಂಕ. ಒಂದೊಂದು ಅಂಕಕ್ಕೂ ನೂರಾರು ಜನ ಪೈಪೋಟಿ ಮಾಡುವ ಪರೀಕ್ಷೆಯಲ್ಲಿ 20 ಅಂಕ ಅಂದರೆ ಏನು ಅಂತ ಸಿಇಟಿ ಬರೆಸಿದ ನಮ್ಮ ಯಾವ ತಂದೆ ತಾಯಿಗೂ ಗೊತ್ತು.

ಆಮೇಲೆ ಆಗಿದ್ದನ್ನು ಊಹಿಸುವುದು ಕಷ್ಟವಲ್ಲ. ಗಣಿತ ಇಷ್ಟ ಇಲ್ಲದವರೂ ಒಲಿಂಪಿಯಾಡ್ ತರಗತಿಗೆ ಸೇರಿದರು. ಒಳ್ಳೆಯ ಮಾಧ್ಯಮಿಕ ಶಾಲೆಗಳು ಕೂಡ ಸ್ಪರ್ಧೆಯ ಪ್ರಮಾಣಪತ್ರ ನೋಡಿ ಮಕ್ಕಳನ್ನು ಆರಿಸಲು ಶುರು ಮಾಡಿದವು. ಹಾಗಾಗಿ ಪ್ರಾಥಮಿಕ ಶಾಲೆಯ ಎಂಟು ಒಂಬತ್ತು ವರ್ಷದ ಮಕ್ಕಳೂ ಶನಿವಾರ ಭಾನುವಾರ ಕೋಚಿಂಗ್‌ಗೆ ಹೋಗುವಂತಾಯಿತು. ಹುಡುಕುವುದಕ್ಕೆ ಅಂತ ಮಾಡಿದ ಸಾಧನ ಸೋಸುವ ಯಂತ್ರ ಆಯಿತು.

ಸರ್ಕಾರ ಎಚ್ಚೆತ್ತು 2010ರಿಂದ ಬಾಗಿಲನ್ನು ಹಂತ ಹಂತವಾಗಿ ಮುಚ್ಚತೊಡಗಿತು. ಪ್ರಾಂತ್ಯದ ಮೊದಲ ದರ್ಜೆಗೆ ನೇರ ಪ್ರವೇಶ ನಿಂತಿತು. ರಾಷ್ಟ್ರೀಯ ತರಬೇತಿ ಶಿಬಿರ ಸೇರಿದವರಿಗೆ ಮಾತ್ರ ಅದು ಉಳಿಯಿತು. ಐದೂ ವಿಷಯ ಸೇರಿದರೆ ವರ್ಷಕ್ಕೆ ಸುಮಾರು 260 ಜನ, ಅಷ್ಟೇ. 2015ರಿಂದ ಈಚೆಗೆ ಗೆದ್ದ ಬಹುಮಾನಗಳಿಗೆ ಹೆಚ್ಚುವರಿ ಅಂಕವೂ ಇಲ್ಲವಾಯಿತು. ಆದರೂ ಒಂದು ಕಿಟಕಿ ಉಳಿದಿತ್ತು. ವಿಶ್ವವಿದ್ಯಾಲಯಗಳು ತಮ್ಮದೇ ಸಂದರ್ಶನ ನಡೆಸಿ ಕೆಲವರಿಗೆ ಅಂಕದಲ್ಲಿ ರಿಯಾಯಿತಿ ಕೊಡುತ್ತಿದ್ದವು. ಅಲ್ಲಿ ಪ್ರಾಂತ್ಯದ ಬಹುಮಾನಕ್ಕೆ ಬೆಲೆ ಇತ್ತು. 2020ರ ಜನವರಿಯಲ್ಲಿ ಅದನ್ನೂ ಕೈಬಿಟ್ಟು, ಮೂಲವಿಜ್ಞಾನಗಳಿಗೆ ಬಲ ಕೊಡುವ ಹೊಸ ಯೋಜನೆಯೊಂದನ್ನು 36 ವಿಶ್ವವಿದ್ಯಾಲಯಗಳಲ್ಲಿ ತಂದರು. ಇದರಲ್ಲಿ ಒಟ್ಟು ಅಂಕದ ಕನಿಷ್ಠ ಶೇ. 85 ಭಾಗ ಗಾವ್‌ಕಾವ್‌ನಿಂದಲೇ ಬರಬೇಕು. ಒಲಿಂಪಿಯಾಡ್‌ನವರಿಗೆ ವಿಶೇಷ ಅವಕಾಶ ಇದೆ. ಆದರೆ ಅದಕ್ಕೆ ರಾಷ್ಟ್ರಮಟ್ಟದ ಅಂತಿಮ ಸುತ್ತಿನಲ್ಲಿ ಎರಡನೇ ದರ್ಜೆ ಅಥವಾ ಅದಕ್ಕಿಂತ ಮೇಲಿನ ಬಹುಮಾನ ಬೇಕು.

ಅಂದರೆ ಪ್ರಾಂತ್ಯದ ಪ್ರಮಾಣಪತ್ರದ ಬೆಲೆ ಹತ್ತೇ ವರ್ಷದಲ್ಲಿ ಇಳಿದುಹೋಯಿತು. 2005ರಲ್ಲಿ ಬದುಕನ್ನೇ ಬದಲಿಸುತ್ತಿದ್ದ ಕಾಗದ 2020ರ ಹೊತ್ತಿಗೆ ಬಹುಮಟ್ಟಿಗೆ ಗೌರವಕ್ಕೆ ಮಾತ್ರ ಅಂತಾಯಿತು.

ಗುಂಪು ಕರಗಿತು, ಅದು ಒಳ್ಳೆಯದೇ. 2021ರ ಜುಲೈನಲ್ಲಿ ಖಾಸಗಿ ಕೋಚಿಂಗ್ ಮೇಲೆ ದೊಡ್ಡ ಕಡಿವಾಣ ಬಿದ್ದ ಮೇಲೆ ಸಣ್ಣ ಮಕ್ಕಳ ಒಲಿಂಪಿಯಾಡ್ ತರಗತಿಗಳ ಬಹಿರಂಗ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಆದರೆ ಸ್ಪರ್ಧೆಯಲ್ಲಿ ಉಳಿದುಕೊಂಡವರ ಪಾಡು ಮೊದಲಿಗಿಂತ ಬಿಗಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಸೆಪ್ಟೆಂಬರ್‌ನಿಂದ ಜೂನ್

ಸ್ಪರ್ಧೆಯ ಹಾದಿ ಹಿಡಿದ ಒಬ್ಬ ವಿದ್ಯಾರ್ಥಿಯ ದಿನಚರಿ ನೋಡಿ. ನಮ್ಮ ಎಂಟನೇ, ಒಂಬತ್ತನೇ ತರಗತಿ ವಯಸ್ಸಿಗೇ ತಯಾರಿ ಶುರು. ಪ್ರೌಢಶಾಲೆಯ ಮೂರು ವರ್ಷದ ಗಣಿತವನ್ನು ಮೊದಲ ವರ್ಷದೊಳಗೇ ಮುಗಿಸಿರುತ್ತಾರೆ. ಶಾಲೆಯಲ್ಲೇ ಸ್ಪರ್ಧೆಯ ತರಗತಿ ಬೇರೆ, ಅದಕ್ಕೆ ಕೋಚ್ ಬೇರೆ. ಸ್ಪರ್ಧೆ ಹತ್ತಿರ ಬಂದಂತೆ ಈ ಮಕ್ಕಳು ಉಳಿದ ವಿಷಯಗಳ ಪಾಠ ಪೂರ್ತಿ ನಿಲ್ಲಿಸುತ್ತಾರೆ. ಚೀನೀ ಭಾಷೆ ಇಲ್ಲ, ಇಂಗ್ಲಿಷ್ ಇಲ್ಲ, ಜೀವಶಾಸ್ತ್ರ ಇಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ವಿಷಯ. ಕ್ಲಾಸಿನ ಗೆಳೆಯರು ಒಂದು ಕೋಣೆಯಲ್ಲಿ, ಇವರು ಇನ್ನೊಂದು ಕೋಣೆಯಲ್ಲಿ.

ನಿಜವಾದ ಅವಕಾಶ ಎರಡು ಸಲ. ಎರಡನೇ ವರ್ಷದ ಸೆಪ್ಟೆಂಬರ್ ಒಂದು, ಕೊನೆಯ ವರ್ಷದ ಸೆಪ್ಟೆಂಬರ್ ಇನ್ನೊಂದು. ಕೊನೆಯ ಸೆಪ್ಟೆಂಬರ್‌ನಲ್ಲಿ ಪ್ರಾಂತ್ಯದ ತಂಡಕ್ಕೆ ಸೇರಲಿಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಮುಂದಿನ ಜೂನ್‌ನಲ್ಲಿ ಗಾವ್‌ಕಾವ್. ಕೈಯಲ್ಲಿ ಒಂಬತ್ತು ತಿಂಗಳೂ ಇರುವುದಿಲ್ಲ. ಬಿಟ್ಟ ಪಾಠಗಳನ್ನೆಲ್ಲ ಈಗ ಹಿಡಿಯಬೇಕು. ಪಕ್ಕದಲ್ಲಿ ಕೂತ ಮಕ್ಕಳು ಎರಡು ವರ್ಷದಿಂದ ಅದೇ ಪರೀಕ್ಷೆಗೆ ಓದುತ್ತಿದ್ದಾರೆ. ಸ್ಪರ್ಧೆ ಬಿಟ್ಟು ಬಂದವರನ್ನು, ಮುಖ್ಯವಾಗಿ ಪ್ರೋಗ್ರಾಮಿಂಗ್ ವಿಭಾಗದಲ್ಲಿ, ‘ನಿವೃತ್ತರು’ ಅಂತಲೇ ಕರೆಯುತ್ತಾರೆ. ಹದಿನೇಳು ವರ್ಷಕ್ಕೆ ನಿವೃತ್ತಿ! ಕೇಳಿದರೆ ಸಂಕಟ ಆಗುತ್ತದೆ.

ಮೊದಲು ಈ ಮಗುವಿನ ಕೈಯಲ್ಲಿ ಪ್ರಾಂತ್ಯದ ಬಹುಮಾನ ಇತ್ತು, ಅದಕ್ಕೊಂದು ಸೀಟಿನ ಭರವಸೆ ಇತ್ತು. ಈಗ ಶ್ರಮ ಅಷ್ಟೇ ಇದೆ, ಭರವಸೆ ಹೋಗಿದೆ. ರಾಷ್ಟ್ರಮಟ್ಟ ತಲುಪಿದರೆ ಎಲ್ಲ ಇದೆ, ಅದರ ಹಿಂದಿನ ಮೆಟ್ಟಿಲಲ್ಲಿ ನಿಂತರೆ ಏನೂ ಇಲ್ಲದಂತೆ. ಆ ಒಂದು ಮೆಟ್ಟಿಲಿನ ಅಂತರ ಹೆಚ್ಚಿನ ಸಲ ಒಂದು ಪ್ರಶ್ನೆಯ ಅಂತರ. ಆ ದಿನ ಹೊಳೆಯಿತೋ ಇಲ್ಲವೋ, ಅಷ್ಟೇ.

ಇದರಲ್ಲಿ ಪ್ರೋಗ್ರಾಮಿಂಗ್ ಮಕ್ಕಳು ಅನುಭವಿಸಿದ್ದು ಬೇರೆಯೇ ಬಗೆಯ ಆಘಾತ. 2019ರ ಆಗಸ್ಟ್‌ನಲ್ಲಿ ಚೀನಾ ಕಂಪ್ಯೂಟರ್ ಒಕ್ಕೂಟ ಪ್ರಾಂತ್ಯ ಮಟ್ಟದ ಪ್ರೋಗ್ರಾಮಿಂಗ್ ಲೀಗನ್ನು ಇದ್ದಕ್ಕಿದ್ದಂತೆ ನಿಲ್ಲಿಸಿತು. ಪರೀಕ್ಷೆಗೆ ಉಳಿದಿದ್ದದ್ದು ಕೆಲವೇ ತಿಂಗಳು. 2020ರ ಜನವರಿಯಲ್ಲಿ ಅದನ್ನು ಮತ್ತೆ ಶುರು ಮಾಡಿದರು. ನಡುವೆ ಸಿಕ್ಕಿಹಾಕಿಕೊಂಡವರು ಕೊನೆಯ ವರ್ಷದ ಮಕ್ಕಳು. ನೀತಿ ಬದಲಾಯಿಸುವವರಿಗೆ ಅದು ಒಂದು ಸುತ್ತೋಲೆ, ಆ ಮಕ್ಕಳಿಗೆ ಅದು ಇದ್ದ ಕೊನೆಯ ಅವಕಾಶ.

ಇನ್ನು ಊರಿನ ಪ್ರಶ್ನೆ. ಹುಬೇ ಪ್ರಾಂತ್ಯದ ಹುವಾಂಗ್‌ಗಾಂಗ್ ಅನ್ನುವ ಸಣ್ಣ ಊರಿನ ಶಾಲೆಯೊಂದು ಎಂಬತ್ತು, ತೊಂಬತ್ತರ ದಶಕದಲ್ಲಿ ಇಡೀ ಚೀನಾದಲ್ಲಿ ಹೆಸರು ಮಾಡಿತ್ತು. 1990ರ ಬೀಜಿಂಗ್ ಒಲಿಂಪಿಯಾಡ್‌ನಲ್ಲಿ ಆಡಿದ ಆರು ಜನರಲ್ಲಿ ಇಬ್ಬರು ಈ ಒಂದೇ ಶಾಲೆಯವರು. ಸುತ್ತಲಿನ ಹಳ್ಳಿಗಳ ಬಡ ರೈತರ ಮಕ್ಕಳೂ ಅಲ್ಲಿ ಓದಿದರು. ಇಂದು ಸಂಖ್ಯಾ ಸಿದ್ಧಾಂತದಲ್ಲಿ ದೊಡ್ಡ ಹೆಸರಾದ ಯುವಾನ್ ಸಿನ್‌ಯಿ ಅಲ್ಲಿಂದಲೇ ಬಂದವರು. 2000ದ ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದು, ಪೀಕಿಂಗ್ ವಿಶ್ವವಿದ್ಯಾಲಯ ಸೇರಿ, ಅಮೆರಿಕದಲ್ಲಿ ಸಂಶೋಧನೆ ಮಾಡಿ, ಈಗ ಮತ್ತೆ ಪೀಕಿಂಗ್‌ನಲ್ಲೇ ಪ್ರಾಧ್ಯಾಪಕರಾಗಿದ್ದಾರೆ. ಆ ಶಾಲೆಯ ಹೆಸರು ಹಾಕಿದ ಪ್ರಶ್ನೆ ಸಂಗ್ರಹಗಳು ದೇಶದ ಉದ್ದಗಲಕ್ಕೂ ಮಾರಾಟವಾಗುತ್ತಿದ್ದವು.

ಕಳೆದ ಎರಡು ದಶಕದಲ್ಲಿ ಆ ಶಾಲೆಯ ಹಿಡಿತ ಸಡಿಲಾಯಿತು. ಪ್ರಾಂತ್ಯದ ರಾಜಧಾನಿ ವುಹಾನ್‌ನ ದೊಡ್ಡ ಶಾಲೆಗಳು ಒಳ್ಳೆಯ ಶಿಕ್ಷಕರನ್ನೂ ಮಕ್ಕಳನ್ನೂ ಸೆಳೆದುಕೊಂಡವು. ಇದು ಹುಬೇಯ ಕಥೆ ಮಾತ್ರ ಅಲ್ಲ. ಹುನಾನ್ ಪ್ರಾಂತ್ಯದ ಹೆಸರು ಹೇಳಿದರೆ ಒಲಿಂಪಿಯಾಡ್ ಬಲ್ಲವರಿಗೆ ನೆನಪಾಗುವುದು ರಾಜಧಾನಿ ಚಾಂಗ್ಷಾದ ನಾಲ್ಕು ಶಾಲೆಗಳು. ಸಿಚುವಾನ್ ಅಂದರೆ ಚೆಂಗ್ಡು. ಅಂತಿಮ ಸುತ್ತಿಗೆ ತಯಾರು ಮಾಡುವ ಕೋಚ್ ಬೇಕು, ಚಳಿಗಾಲ ಬೇಸಿಗೆಗೆ ಹೊರ ಊರಿನ ಶಿಬಿರಗಳಿಗೆ ಹೋಗಲು ದುಡ್ಡು ಬೇಕು, ಜೊತೆಗೆ ಕೂತು ತಲೆ ಕೆಡಿಸಿಕೊಳ್ಳುವ ಸಮಾನ ಗೆಳೆಯರೂ ಬೇಕು. ಈ ಮೂರೂ ಒಟ್ಟಿಗೆ ಸಿಗುವುದು ಕೆಲವೇ ಕಡೆ. ಬಾಗಿಲು ಕಿರಿದಾದಷ್ಟೂ ಅದನ್ನು ದಾಟುವ ಕಲೆ ಗೊತ್ತಿರುವ ಶಾಲೆಗಳ ಸಂಖ್ಯೆಯೂ ಕಿರಿದಾಗುತ್ತದೆ. ಹುವಾ ಲುವೊಗೆಂಗ್ ಹುಡುಕಬೇಕು ಅಂದುಕೊಂಡಿದ್ದ ಮೂಲೆಯ ಮಗು ಇವತ್ತು ಆ ಶಾಲೆಗಳಿಂದ ಇನ್ನಷ್ಟು ದೂರ ಇದೆ.

ಇದು ಅಲ್ಲಿಯ ಗಣಿತಜ್ಞರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅವರು ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸಿತು. 2001ರಲ್ಲಿ ಶಿಆನ್ ನಗರದಲ್ಲಿ ಪಶ್ಚಿಮ ಚೀನಾದ ಪ್ರಾಂತ್ಯಗಳಿಗೆ ಅಂತಲೇ ಬೇರೆ ಗಣಿತ ಸ್ಪರ್ಧೆ ಶುರು ಮಾಡಿದರು. ಕರಾವಳಿಯ ಶ್ರೀಮಂತ ಪ್ರಾಂತ್ಯಗಳ ಎದುರು ಸೋತು ಸುಮ್ಮನಾಗುವ ಬದಲು ಆ ಮಕ್ಕಳು ತಮ್ಮಂಥವರ ಜೊತೆ ಆಡಿ ಬೆಳೆಯಲಿ ಅಂತ. 2002ರಲ್ಲಿ ಜುಹಾಯ್ ನಗರದಲ್ಲಿ ಹುಡುಗಿಯರ ಗಣಿತ ಒಲಿಂಪಿಯಾಡ್ ಬಂತು. ಚೀನಾದ ಆರು ಜನರ ತಂಡದಲ್ಲಿ ಎಷ್ಟೋ ವರ್ಷ ಒಬ್ಬ ಹುಡುಗಿಯೂ ಇರುತ್ತಿರಲಿಲ್ಲ ಅನ್ನುವುದನ್ನು ನೆನೆದರೆ ಅದರ ಅಗತ್ಯ ತಿಳಿಯುತ್ತದೆ. ಅಲ್ಲಿ ಲೆಕ್ಕದ ಜೊತೆ ತಂಡಗಳ ಏರೋಬಿಕ್ಸ್ ಸ್ಪರ್ಧೆಯೂ ಇರುತ್ತದೆ. 2004ರಲ್ಲಿ ಆಗ್ನೇಯ ಪ್ರಾಂತ್ಯಗಳ ಸ್ಪರ್ಧೆ ಬಂತು, ಮರುವರ್ಷ ಉತ್ತರದವರದ್ದು. ಈ ಪ್ರಾದೇಶಿಕ ಸ್ಪರ್ಧೆಗಳಿಂದ ನೇರವಾಗಿ ಸೀಟು ಸಿಗುವುದಿಲ್ಲ. ಬಹುಶಃ ಅದಕ್ಕೇ ಅಲ್ಲಿ ಗಣಿತಕ್ಕೆ ಸ್ವಲ್ಪ ಉಸಿರಾಡಲು ಜಾಗ ಇದೆ.

ಪರೀಕ್ಷೆ ಬೇಡ, ಮಕ್ಕಳಿಂದ ಸಂಶೋಧನೆ ಮಾಡಿಸೋಣ ಅನ್ನುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ. ಆದರೆ 2020ರಲ್ಲಿ ಆಗಿದ್ದು ಕೇಳಿ. ಯುನ್ನಾನ್ ಪ್ರಾಂತ್ಯದ ಒಬ್ಬ ಪ್ರಾಥಮಿಕ ಶಾಲೆ ವಿದ್ಯಾರ್ಥಿಗೆ ಕರುಳಿನ ಕ್ಯಾನ್ಸರ್‌ಗೆ ಸಂಬಂಧಿಸಿದ ವಂಶವಾಹಿಯ ಅಧ್ಯಯನಕ್ಕಾಗಿ ಪ್ರಾಂತ್ಯದಲ್ಲೂ ಆಮೇಲೆ ರಾಷ್ಟ್ರಮಟ್ಟದ ವಿಜ್ಞಾನ ಸ್ಪರ್ಧೆಯಲ್ಲೂ ಬಹುಮಾನ ಬಂದಿತ್ತು. ಜನ ಪ್ರಶ್ನೆ ಕೇಳಿದ ಮೇಲೆ ತಂದೆ ತಾಯಿ ಇಬ್ಬರೂ ಅದೇ ಕ್ಷೇತ್ರದ ಸಂಶೋಧಕರು ಅಂತ ತಿಳಿಯಿತು. ಬಹುಮಾನ ವಾಪಸ್ ಪಡೆದರು. ಮುಚ್ಚಿದ ಕೋಣೆಯಲ್ಲಿ 170 ನಿಮಿಷ ಕೂತು ನಾಲ್ಕು ಪ್ರಶ್ನೆ ಬಿಡಿಸುವಾಗ ಅಪ್ಪನ ಪ್ರಯೋಗಾಲಯ ನೆರವಿಗೆ ಬರುವುದಿಲ್ಲ. ಈ ಒಂದು ಗುಣಕ್ಕಾಗಿಯಾದರೂ ಹಳೆಯ ಲಿಖಿತ ಸ್ಪರ್ಧೆಯನ್ನು ನಾನು ಬಿಟ್ಟುಕೊಡಲಾರೆ.

ಇದರಿಂದ ಗಣಿತಜ್ಞರು ಹುಟ್ಟುತ್ತಾರಾ?

ಹುಟ್ಟುತ್ತಾರೆ, ಆದರೆ ಅದೊಂದೇ ದಾರಿ ಅಲ್ಲ. ಯುವಾನ್ ಸಿನ್‌ಯಿ ಜೊತೆ 2000ದ ತಂಡದಲ್ಲಿದ್ದ ಯುನ್ ಝಿವೇ ಇಂದು ಜಗತ್ತಿನ ಮುಂಚೂಣಿ ಗಣಿತಜ್ಞರಲ್ಲಿ ಒಬ್ಬರು. ಇನ್ನೊಂದು ಕಡೆ ವಾಂಗ್ ಹಾಂಗ್ ಇದ್ದಾರೆ. ಗುವಾಂಗ್ಸಿ ಪ್ರಾಂತ್ಯದವರು. 2007ರಲ್ಲಿ ಗಾವ್‌ಕಾವ್ ಬರೆದೇ ಪೀಕಿಂಗ್ ವಿಶ್ವವಿದ್ಯಾಲಯಕ್ಕೆ ಬಂದರು. ಸೇರಿದ್ದು ಭೂವಿಜ್ಞಾನ ವಿಭಾಗಕ್ಕೆ, ಆಮೇಲೆ ಗಣಿತಕ್ಕೆ ಬದಲಾಯಿಸಿಕೊಂಡರು. 2025ರಲ್ಲಿ ಜೋಶುವಾ ಜಾಲ್ ಜೊತೆ ಸೇರಿ ಮೂರು ಆಯಾಮದ ಕಾಕೆಯಾ ಸಮಸ್ಯೆಗೆ ಪರಿಹಾರ ಪ್ರಕಟಿಸಿದರು. ಹತ್ತಾರು ವರ್ಷಗಳಿಂದ ದೊಡ್ಡ ದೊಡ್ಡವರ ಕೈಗೆ ಸಿಗದೆ ಉಳಿದಿದ್ದ ಸಮಸ್ಯೆ ಅದು.

ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದ ಯಾವ್ ಶಿಂಗ್‌ಟುಂಗ್ ಒಲಿಂಪಿಯಾಡ್ ತರಬೇತಿಯನ್ನು ವರ್ಷಗಳಿಂದ ಟೀಕಿಸುತ್ತಾ ಬಂದಿದ್ದಾರೆ. ಬೇರೆಯವರು ಕೊಟ್ಟ ಪ್ರಶ್ನೆಗೆ ಬೇಗ ಉತ್ತರ ಹುಡುಕುವುದು ಬೇರೆ, ತನ್ನದೇ ಪ್ರಶ್ನೆ ಇಟ್ಟುಕೊಂಡು ವರ್ಷಗಟ್ಟಲೆ ಕೂರುವುದು ಬೇರೆ ಅನ್ನುವುದು ಅವರ ವಾದದ ತಿರುಳು. ಅವರ ಹೆಸರಿನಲ್ಲೇ ಸಿಂಗ್ಹುವಾ ವಿಶ್ವವಿದ್ಯಾಲಯ 2021ರಿಂದ ಒಂದು ಕಾರ್ಯಕ್ರಮ ನಡೆಸುತ್ತಿದೆ. ವರ್ಷಕ್ಕೆ ಹೆಚ್ಚೆಂದರೆ ನೂರು ಮಕ್ಕಳನ್ನು ಗಾವ್‌ಕಾವ್ ಇಲ್ಲದೆ, ಕೆಲವರನ್ನು ಪ್ರೌಢಶಾಲೆಗೆ ಕಾಲಿಡುವ ಮೊದಲೇ ತೆಗೆದುಕೊಂಡು ಎಂಟು ವರ್ಷದಲ್ಲಿ ಡಾಕ್ಟರೇಟ್‌ವರೆಗೆ ಓದಿಸುತ್ತದೆ. ಗಾವ್‌ಕಾವ್ ಇಲ್ಲದ ಸೀಟು ಅಂದ ಕೂಡಲೇ ಅದಕ್ಕೂ ತಯಾರಿ ಮಾಡಿಸುವವರು ಬಂದೇ ಬರುತ್ತಾರೆ. ಒಂದು ಬಾಗಿಲಿನ ಗದ್ದಲ ಇನ್ನೊಂದು ಬಾಗಿಲಿಗೆ, ಅದೂ ಇನ್ನಷ್ಟು ಎಳೆಯ ಮಕ್ಕಳತ್ತ ಸರಿಯುವ ಅಪಾಯ ನನಗೆ ಕಾಣುತ್ತಿದೆ.

ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇದೆ, ಅದೂ ಈಗಲೇ. ಭಾರತ 1989ರಿಂದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ಹೋಗುತ್ತಿದೆ. ಅದರ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಣಿತ ಒಲಿಂಪಿಯಾಡ್ ಕೋಶದ ಅಧ್ಯಾಪಕರ ವರ್ಷಗಳ ದುಡಿಮೆ ಇದೆ. ನಮ್ಮಲ್ಲೂ ಪ್ರಾದೇಶಿಕ ಸುತ್ತು, ರಾಷ್ಟ್ರೀಯ ಸುತ್ತು, ಶಿಬಿರ, ಕೊನೆಗೆ ಆರು ಜನ. 2024ರಲ್ಲಿ ನಾಲ್ಕು ಚಿನ್ನದೊಂದಿಗೆ ನಾಲ್ಕನೇ ಸ್ಥಾನಕ್ಕೆ ಬಂದೆವು. ಅದು ಅಲ್ಲಿಯವರೆಗಿನ ನಮ್ಮ ಅತ್ಯುತ್ತಮ ಸಾಧನೆ. ಆದರೆ ಇಷ್ಟು ದಿನ ಈ ಹಾದಿ ತುಳಿದವರು ಹೆಚ್ಚಾಗಿ ಗಣಿತದ ಪ್ರೀತಿಗೇ ತುಳಿದರು. ಇದರಿಂದ ಅನುಕೂಲ ಆಗುತ್ತಿದ್ದದ್ದು ಚೆನ್ನೈ ಗಣಿತ ಸಂಸ್ಥೆ, ಭಾರತೀಯ ಸಾಂಖ್ಯಿಕ ಸಂಸ್ಥೆಯಂಥ ಕೆಲವು ಕಡೆ ಮಾತ್ರ. ಮಿಕ್ಕವರೆಲ್ಲ ಜೆಇಇ ಕಡೆ ಓಡಿದರು.

ಈಗ ಅದು ಬದಲಾಗುತ್ತಿದೆ. ಕಾನ್ಪುರ ಮತ್ತು ಮದ್ರಾಸ್ ಐಐಟಿಗಳು 2025ರಿಂದ ಒಲಿಂಪಿಯಾಡ್ ಮೂಲಕ ಬೇರೆಯಾಗಿ ಕೆಲವು ಸೀಟು ಕೊಡಲು ಶುರು ಮಾಡಿವೆ. ಕಂಪ್ಯೂಟರ್ ಸೈನ್ಸ್ ಸೀಟೂ ಅದರಲ್ಲಿದೆ. ಇದನ್ನು ನಾನು ಸ್ವಾಗತಿಸುತ್ತೇನೆ. ಜೆಇಇ ಒಂದೇ ಅಳತೆಗೋಲು ಆಗಿರುವುದು ಒಳ್ಳೆಯದಲ್ಲ. ಆದರೆ ಐಐಟಿ ಸೀಟು ಅಂದ ಕೂಡಲೇ ಕೋಚಿಂಗ್ ಸಂಸ್ಥೆಗಳು ಒಲಿಂಪಿಯಾಡ್ ಬ್ಯಾಚ್‌ಗಳಿಗೆ ಜೋರು ಜಾಹೀರಾತು ಕೊಡುತ್ತವೆ. ಆ ಬ್ಯಾಚ್‌ಗೆ ಸೇರುವ ಮಗು ಬೆಂಗಳೂರಿನದ್ದಾಗಿರುತ್ತದೆಯೇ ಹೊರತು ಯಾದಗಿರಿಯ ಸರ್ಕಾರಿ ಶಾಲೆಯದ್ದಲ್ಲ. ಸೀಟುಗಳ ಸಂಖ್ಯೆ ಇನ್ನೂ ಸಣ್ಣದಿರುವಾಗಲೇ ಎರಡು ಕೆಲಸ ಆಗಬೇಕು. ಒಲಿಂಪಿಯಾಡ್ ಮೂಲಕ ಬಂದ ಮಕ್ಕಳು ಯಾವ ರಾಜ್ಯದವರು, ಯಾವ ಬಗೆಯ ಶಾಲೆಯವರು, ಹಳ್ಳಿಯವರೋ ನಗರದವರೋ ಅನ್ನುವ ಲೆಕ್ಕವನ್ನು ಹೆಸರು ಹಾಕದೆ ಪ್ರತಿ ವರ್ಷ ಬಹಿರಂಗ ಮಾಡಬೇಕು. ಪ್ರಾದೇಶಿಕ ಸುತ್ತಿಗೆ ಬಂದು ಅಲ್ಲೇ ನಿಂತ ಮಕ್ಕಳಿಗೆ ಜಿಲ್ಲಾ ಕೇಂದ್ರದಲ್ಲೇ, ಕನ್ನಡದಲ್ಲೇ, ಸೀಟಿನ ಮಾತಿಲ್ಲದೆ ಗಣಿತದ ಶಿಬಿರ ನಡೆಸಬೇಕು. ಕಲಬುರಗಿ, ಧಾರವಾಡ, ಮೈಸೂರು, ಮಂಗಳೂರಿನ ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳು ಮನಸ್ಸು ಮಾಡಿದರೆ ಮುಂದಿನ ಬೇಸಿಗೆ ರಜೆಯಲ್ಲೇ ಶುರು ಮಾಡಬಹುದಾದ ಕೆಲಸ ಇದು.